ಎಲೆ ಆರುವ ತನಕ

ಗಡಿಬಿಡಿ ಅಕ್ಕ ಎಂಬ ಹೆಸರನ್ನು ಅವಳಿಗೆ ಯಾರು ಇಟ್ಟರೋ ಗೊತ್ತಿಲ್ಲ. ಯಾರೇ ಇಟ್ಟಿರಲಿ, ಆ ಪುಣ್ಯಾತ್ಮರ ಕಣ್ಣು ಚುರುಕಾಗಿತ್ತು. ಊಟಕ್ಕೆ ಕೂತವಳು ಎರಡು ತುತ್ತಿಗೆ ಎದ್ದು, ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡಿ ಬರುವಳು. ಒಲೆ ಆರಿಸಿಯೇ ಊಟಕ್ಕೆ ಕೂತಿರುತ್ತಾಳೆ ಅನ್ನುವುದು ಬೇರೆ ಮಾತು. ಬಸ್ಸಿಗೆ ಕಾಯಬೇಕೆಂದರೆ ನಿಲ್ದಾಣದಲ್ಲಿ ನಿಲ್ಲಲಾರಳು. ಬಸ್ಸು ಬರುವ ದಿಕ್ಕಿಗೇ ನಡೆಯುತ್ತ ಹೋಗಿ, ಎರಡು ನಿಲ್ದಾಣಗಳ ಮಧ್ಯೆ ಸಿಕ್ಕಿಬಿದ್ದು, ಕಣ್ಣೆದುರೇ ಹಾದುಹೋಗುವ ಬಸ್ಸಿನ ಡ್ರೈವರಿಗೆ ಹಿಡಿಶಾಪ ಹಾಕುವಳು.

ಇಂಥವಳಿಗೆ ಟಪಾಲು ಹಂಚುವ ಕೆಲಸ ಸಿಕ್ಕಿತ್ತು. ಅಥವಾ ಆ ಕೆಲಸಕ್ಕೆ ಇವಳು ಸಿಕ್ಕಿದ್ದಳು ಅನ್ನಿ. ನಿವೃತ್ತಿಯಾಗುವವರೆಗೂ ಬೀದಿ ಬೀದಿ ತಿರುಗಿ, ಮನೆ ಮನೆ ಬಾಗಿಲು ಬಡಿದು, ಕೈಗೆ ಬಂದದ್ದನ್ನು ತಲುಪಿಸಬೇಕಾದಲ್ಲಿಗೆ ತಲುಪಿಸಿದಳು. ಮದುವೆಯಾದದ್ದು ಮಾತ್ರ ಗಡಿಯಾರ ರಿಪೇರಿ ಮಾಡುವವರನ್ನು. ಅವರೋ, ಬೆಳಿಗ್ಗೆ ಮನೆ ಮುಂದಿನ ಅಂಗಡಿಯ ಸ್ಟೂಲಿನ ಮೇಲೆ ಕೂತರೆ ಸಂಜೆಯ ತನಕ ಅಲ್ಲಾಡುವ ಮನುಷ್ಯರಲ್ಲ. ನಿಮ್ಮಿಬ್ಬರಿಗೆ ಹೇಗೆ ಹೊಂದಿಕೆಯಾಯಿತು ಎಂದು ಯಾರಾದರೂ ಕೇಳಿದರೆ, "ಮನೇಲಿ ಒಬ್ಬರಾದ್ರೂ ಕೂತಿರಬೇಕಲ್ಲ" ಅನ್ನುತ್ತಿದ್ದರು.

ನಿವೃತ್ತಿಯ ಮೇಲೆ ಅವಳ ಚಡಪಡಿಕೆಯೆಲ್ಲ ಮನೆ ಹಿಂದಿನ ಇಳಿಜಾರಿಗೆ ಹೊರಳಿತು. ಅದು ಅಪ್ಪನಿಂದ ಬಂದ ಜಾಗ. ಮೇಲಿನ ಅರ್ಧ ಅಕ್ಕನದು, ಅಲ್ಲಿ ಆಲೂಗೆಡ್ಡೆ. ಕೆಳಗಿನ ಅರ್ಧ ತಂಗಿಯದು, ಅಲ್ಲಿ ಟೊಮೆಟೊ. ನಡುವೆ ಒಂದು ಬೇಲಿ, ಬೇಲಿಗೊಂದು ಮರದ ಗೇಟು. ಇಬ್ಬರ ಮನೆಗಳೂ ಪಕ್ಕಪಕ್ಕದಲ್ಲೇ. ಇವಳ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಅಲ್ಲಿಂದ ತಂಗಿ "ಏನದು?" ಅನ್ನುವಷ್ಟು ಹತ್ತಿರ.

ಅಕ್ಕನಿಗೆ ಭಯವಿದ್ದದ್ದು ಒಂದಕ್ಕೇ, ಅಂಗಮಾರಿಗೆ. ಆಲೂಗೆಡ್ಡೆಗೂ ಟೊಮೆಟೊಗೂ ಎರಡಕ್ಕೂ ಬರುವ ರೋಗ ಅದು. ಹವೆ ತಂಪಾಗಿ, ಎಲೆ ಒದ್ದೆಯಾಗಿಯೇ ಉಳಿದರೆ ಸಾಕು, ನಿನ್ನೆ ಹಸಿರಾಗಿದ್ದ ತೋಟದ ಮೇಲೆ ಯಾರೋ ಬಿಸಿನೀರು ಎರಚಿ ಹೋದಂತೆ ಕಾಣುತ್ತದೆ. ಅವಳು ಚಿಕ್ಕವಳಿದ್ದಾಗ ಅಪ್ಪನ ಹೊಲಕ್ಕೆ ಒಮ್ಮೆ ಬಂದಿತ್ತು. ಅಪ್ಪ ಸಾವಧಾನದ ಮನುಷ್ಯ, ಕಲೆ ಕಂಡಾಗ "ನಾಳೆ ನೋಡೋಣ" ಅಂದರು. ಆ ನಾಳೆ ಬರುವಷ್ಟರಲ್ಲಿ ಗಿಡಗಳು ಕಪ್ಪಾಗಿ ಮಲಗಿದ್ದವು. ಗೆಡ್ಡೆಗೇನೂ ಆಗಿಲ್ಲವೆಂದು ಧೈರ್ಯ ಹೇಳಿಕೊಂಡು, ಅಗೆದು ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ ತುಂಬಿಸಿದರು. ಸ್ವಲ್ಪ ದಿನದ ಮೇಲೆ ನಾಲ್ಕು ಗೆಡ್ಡೆ ತಾ ಎಂದು ಅಮ್ಮ ಕಳಿಸಿದ್ದು ಇವಳನ್ನೇ. ಬಾಗಿಲು ತೆಗೆದು ಮೂಟೆಗೆ ಕೈ ಹಾಕಿದಳು. ಮೊಣಕೈಯ ತನಕ ಬರೀ ಲೋಳೆ. ಆ ನಾತ ಇಂದಿಗೂ ಅವಳ ಮೂಗಿನಿಂದ ಹೋಗಿಲ್ಲ. "ನಾಳೆ" ಎಂಬ ಮಾತನ್ನು ಅವಳ ಮುಂದೆ ಆಡಿದವರು ಪಾರಾದದ್ದೂ ಇಲ್ಲ.

ಆದರೆ ಈ ವರ್ಷ ಅವಳಿಗೆ ತನ್ನ ಆಲೂಗೆಡ್ಡೆಯ ಚಿಂತೆ ಅಷ್ಟಿರಲಿಲ್ಲ. ಚಿಂತೆಯೆಲ್ಲ ತಂಗಿಯ ಟೊಮೆಟೊದ ಮೇಲೆ. ಅದಕ್ಕೆ ಕಾರಣವಿತ್ತು. ತಂಗಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ಒದ್ದೆ ಹಾಸಿಗೆ ಬಟ್ಟೆ ಎತ್ತಿ ಎತ್ತಿ ಸೊಂಟ ಹೋಯಿತು. ಆಪರೇಷನ್ನಾಗಿ ಒಂದು ವರ್ಷ ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಲಗಿದ್ದಳು. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ದೂರದೂರಿನಲ್ಲಿದ್ದ ಮಗಳು ವಾರಕ್ಕೊಮ್ಮೆ ಫೋನಿನಲ್ಲಿ, "ಅಮ್ಮ, ರೂಮು ಖಾಲಿ ಇದೆ, ಲಿಫ್ಟ್ ಇದೆ, ಬಂದ್ಬಿಡು" ಅನ್ನುತ್ತಿದ್ದಳು. ಎದ್ದು ಓಡಾಡುವಂತಾದ ಮೇಲೆ ತಂಗಿ ಕೊನೆಯದಾಗಿ ಒಂದು ಕೈ ನೋಡೋಣವೆಂದು ಟೊಮೆಟೊ ಹಾಕಿದಳು. ಬಗ್ಗದೆ ನಿಂತೇ ಕೀಳಲು ಬರುವಂತೆ ಗಿಡಗಳನ್ನು ಎತ್ತರದ ಕೋಲುಗಳಿಗೆ ಕಟ್ಟಿಸಿದಳು. ನೀರು ಎಲೆಗೆ ಬೀಳದೆ ಬುಡಕ್ಕೇ ಹೋಗುವಂತೆ ಕೊಳವೆ ಎಳೆಸಿದಳು. ಎಲ್ಲ ಮುಗಿಸಿ ಗೇಟಿನ ಹತ್ತಿರ ನಿಂತು ಅಕ್ಕನಿಗೆ ಹೇಳಿದಳು.

"ನೋಡು, ಈ ಸಲ ಕೈ ಕೊಡ್ತೋ, ಮುಗೀತು. ಮಗಳ ಮನೆಗೆ ಹೋಗ್ಬಿಡ್ತೀನಿ. ಇನ್ನೊಂದ್ಸಲ ಸೋಲೋಕೆ ನನ್ ಸೊಂಟದಲ್ಲೂ ಶಕ್ತಿ ಇಲ್ಲ, ಮನಸ್ಸಲ್ಲೂ ಇಲ್ಲ."

ತಂಗಿ ಮಾತಿಗೆ ತಪ್ಪುವವಳಲ್ಲ. ತಂಗಿಯಿಲ್ಲದ ಪಕ್ಕದ ಮನೆಯನ್ನು ಅಕ್ಕ ಒಂದು ಗಳಿಗೆಯೂ ಊಹಿಸಲಾರಳು. ಹುಟ್ಟಿದಂದಿನಿಂದ "ಪುಟ್ಟಿ, ಪುಟ್ಟಿ" ಎಂದು ಕರೆದು ಕರೆದು, ಆ ಪುಟ್ಟಿಗೆ ಕೂದಲು ನರೆತರೂ ಕರೆಯುವುದನ್ನು ನಿಲ್ಲಿಸದವಳು. ಈಗ ಗೋಡೆಯಾಚೆ ಕರೆದರೆ ಓಗೊಡುವವರಿಲ್ಲ ಅಂದರೆ ಏನು ಮಾಡುವುದು?

ಹಾಗಾಗಿ ಶುರುವಾಯಿತು ಕಾವಲು. ಬೆಳಗಾದರೆ ಗಂಡನ ಹಳೇ ಕೋಟು ತೊಟ್ಟು ಹೊರಡುವಳು. ಕೋಟಿನ ತೋಳುಗಳು ಬೆರಳ ತುದಿಯ ತನಕ ಜೋತಾಡುತ್ತಿದ್ದವು. ಹೋಗುವಾಗ ಅಂಗಡಿಯ ಮೇಜಿನಿಂದ ಗಂಡ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಹಾರಿಸಿಕೊಂಡು ಹೋಗುವಳು. ಮೊದಲು ಮೇಲೆ ತನ್ನ ಆಲೂಗೆಡ್ಡೆ, ಆಮೇಲೆ ಗೇಟು ದಾಟಿ ಟೊಮೆಟೊ. ಬಲಗೈಯಲ್ಲಿ ಗಾಜು, ಎಡಗೈಯಲ್ಲಿ ಒಂದೊಂದೇ ಎಲೆ ಮಗುಚಿ ಅಡಿಭಾಗ ನೋಡುವುದು. ಕಲೆಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದು ಅಂಗಮಾರಿಯೇ. ಎಲೆ ಒದ್ದೆಯಿದ್ದಾಗ ಮಾತ್ರ ಕಾಣುತ್ತದೆ, ಬಿಸಿಲೇರಿದರೆ ಮಾಯ.

ಇಲ್ಲೊಂದು ತಮಾಷೆಯಿದೆ, ಹೇಳಲೇಬೇಕು. ಎಲೆ ಒದ್ದೆಯಿರುವಾಗ ಗಿಡ ಮುಟ್ಟಬಾರದು, ಮುಟ್ಟಿದ ಕೈಯಿಂದಲೇ ರೋಗ ಹರಡುತ್ತದೆ ಎಂದು ಬೀಜದ ಅಂಗಡಿಯವನು ಎಲ್ಲರಿಗೂ ಹೇಳುತ್ತಿದ್ದ. ಅವನಿಗಿಂತ ಜೋರಾಗಿ ಅದನ್ನು ಸಾರುತ್ತಿದ್ದವಳು ನಮ್ಮ ಗಡಿಬಿಡಿ ಅಕ್ಕ. ಅಕ್ಕಪಕ್ಕದ ತೋಟದಲ್ಲಿ ಯಾರಾದರೂ ಬೆಳಿಗ್ಗೆ ಬೇಗ ಕಳೆ ಕೀಳಲು ಇಳಿದರೆ ಬೇಲಿಯಾಚೆಯಿಂದಲೇ ತರಾಟೆಗೆ ತೆಗೆದುಕೊಳ್ಳುವಳು. ಮತ್ತೆ ನೀನು ಎಂದು ತಂಗಿ ಒಂದು ಸಲ ಕೇಳಿದ್ದಕ್ಕೆ ಉತ್ತರವೂ ರೆಡಿಯಿತ್ತು.

"ಅದು ಕೆಲಸ ಮಾಡೋರಿಗೆ ಪುಟ್ಟಿ. ನಾನು ನೋಡೋಕೆ ತಾನೇ ಹೋಗೋದು."

"ಕೈಯಲ್ಲಿ ನೋಡ್ತೀಯಲ್ಲ ನೀನು" ಅಂದಳು ತಂಗಿ. ಅಕ್ಕನ ಕಿವಿಗೆ ಅದು ಬೀಳಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಾಲು ದಾಟಿದ್ದಳು.

ಮೋಡ ಮುಚ್ಚಿದ ಒಂದು ವಾರ. ಸೂರ್ಯನ ಪತ್ತೆಯಿಲ್ಲ, ಮಳೆಯೆಂದರೆ ಮಳೆಯಲ್ಲ, ಇಬ್ಬನಿಯೆಂದರೆ ಇಬ್ಬನಿಯಲ್ಲ. ಅಂಥ ಒಂದು ಬೆಳಿಗ್ಗೆ ಅವಳ ಸ್ವಂತ ಆಲೂಗೆಡ್ಡೆ ಮಡಿಯ ಮೂಲೆಯಲ್ಲಿ ಒಂದು ಗಿಡ ಜೋಲುಮುಖ ಹಾಕಿಕೊಂಡು ನಿಂತಿತ್ತು. ಈ ವರ್ಷ ನೆಟ್ಟದ್ದಲ್ಲ ಅದು. ಹೋದ ವರ್ಷ ಗಡಿಬಿಡಿಯಲ್ಲಿ ಅಗೆಯುವಾಗ ನೆಲದಲ್ಲೇ ಬಿಟ್ಟ ಗೆಡ್ಡೆಯೊಂದು ತಾನಾಗಿ ಚಿಗುರಿತ್ತು. ಎಲೆ ಮಗುಚಿದಳು. ಕಪ್ಪು ಕಲೆ, ಅದರ ಸುತ್ತ ಬಿಳಿ ಬೂಷ್ಟು. ಗಾಜು ಬೇಕೇ ಆಗಲಿಲ್ಲ.

ಮೆಟ್ಟಿಲ ಕೆಳಗಿನ ಕೋಣೆಯ ನಾತ ಮೂಗಿಗೆ ಬಡಿಯಿತು. ಆದರೂ ಕೈ ಕಟ್ಟಿ ಕೂರುವವಳೇ ಅವಳು? ಗಿಡವನ್ನು ಬುಡಸಮೇತ ಕಿತ್ತು, ತಬ್ಬಿ ಹಿಡಿದು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಬಾಯಿ ಬಿಗಿದು ಕಟ್ಟಿದಳು. ಅಲ್ಲಿಯವರೆಗೆ ಎಲ್ಲ ಸರಿ. ಬೇರೆ ಯಾರೇ ಆಗಿದ್ದರೂ ಮನೆಗೆ ಹೋಗಿ ಕೋಟು ಬಿಚ್ಚಿ, ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಅವಳ ತಲೆಯಲ್ಲಿದ್ದದ್ದು ಒಂದೇ, ಪುಟ್ಟಿಯ ಗಿಡಕ್ಕೂ ಬಂದಿದೆಯೋ ಏನೋ. ಅದೇ ಕೈ, ಅದೇ ಜೋತಾಡುವ ತೋಳು, ಗೇಟು ದಾಟಿ ಓಡಿದಳು. ಟೊಮೆಟೊದ ಮೊದಲ ಸಾಲಿಗೆ ಕೈ ಹಾಕಿ ಎಲೆಯ ಮೇಲೆ ಎಲೆ ಮಗುಚುತ್ತ ಹೋದಳು. ಒಂದೂ ಕಲೆಯಿಲ್ಲ. ಸಾಲಿನ ನಡುಮಧ್ಯಕ್ಕೆ ಬಂದಿದ್ದಳು, ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ನನ್ ಭೂತಗನ್ನಡಿ ಎಲ್ಲಿ?" ಗಂಡ ಎಂದೂ ಇಲ್ಲದ ಸಿಟ್ಟಿನಲ್ಲಿದ್ದರು. "ಒಬ್ಬರು ಕೈಗಡಿಯಾರ ಬಿಚ್ಚಿಸ್ಕೊಂಡು ಎದುರಿಗೇ ನಿಂತಿದಾರೆ. ನಾನೇನು ಮೂಸಿ ನೋಡಿ ರಿಪೇರಿ ಮಾಡ್ಲಾ?"

ಕಟ್ಟಿದ ದಾರ ಸಡಿಲವಾಗಿ ಒಂದು ಕಡೆ ವಾಲಿದ್ದ ಗಿಡದ ಹತ್ತಿರ ನಿಂತು ಆ ಬೈಗುಳ ಕೇಳಿದಳು. ಅಲ್ಲಿಂದಲೇ ಹಿಂದಿರುಗಿದಳು.

ಆಮೇಲಿನ ದಿನಗಳಲ್ಲಿ ಅವಳು ಮಾಡದ ಕೆಲಸವಿಲ್ಲ. ತನ್ನ ಆಲೂಗೆಡ್ಡೆಗೆ ಸುಣ್ಣ ಬೆರೆಸಿದ ಮೈಲುತುತ್ತದ ನೀರು ಹೊಡೆದಳು, ಗೆಡ್ಡೆ ಕಾಣದಂತೆ ಬುಡಕ್ಕೆ ಮಣ್ಣೇರಿಸಿದಳು. ಈ ಓಡಾಟದಲ್ಲಿ ಗೇಟು ದಾಟಿ ಹೋಗಲು ಪುರುಸೊತ್ತಾಗದೆ, ತಂಗಿಯ ಗಿಡಕ್ಕೂ ಹೊಡೆಯಲು ಆಳಿಗೆ ಹೇಳಿದ್ದಳು. ಜಿನುಗು ನಿಲ್ಲಲಿ ಎಂದು ಅವನು ತಡ ಮಾಡಿದ. ಅಷ್ಟರಲ್ಲಿ ಒಂದು ಬೆಳಿಗ್ಗೆ ತಂಗಿಯೇ ಗೇಟಿನಿಂದ ಕೂಗಿದಳು.

"ಅಕ್ಕ, ಸ್ವಲ್ಪ ಬಾ ಇಲ್ಲಿ."

ಆ ದನಿಯಲ್ಲಿ ಏನೋ ಇತ್ತು. ಹೋಗಿ ನೋಡಿದರೆ ಮೊದಲ ಸಾಲಿನ ಎಲೆಗಳಲ್ಲಿ ಕಲೆಗಳು. ಬುಡದಲ್ಲಲ್ಲ, ತುದಿಯಲ್ಲಲ್ಲ, ಕೈಯೆತ್ತರಕ್ಕೆ. ಸಾಲುಗಳ ನಡುವಿನ ಓಣಿಯ ಎಡಕ್ಕಿದ್ದ ಗಿಡಗಳಲ್ಲಿ ಮಾತ್ರ, ಬಲಗಡೆಯವು ತೊಳೆದಿಟ್ಟಂತೆ ಹಸಿರು. ಅಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ನಡೆದಳು. ಗಿಡದಿಂದ ಗಿಡಕ್ಕೆ ಕಲೆ, ಗಿಡದಿಂದ ಗಿಡಕ್ಕೆ ಕಲೆ. ವಾಲಿದ್ದ ಆ ಗಿಡಕ್ಕೆ ಬಂದು ನಿಂತುಹೋಯಿತು. ಅದರಾಚೆಗೆ ಒಂದೂ ಇಲ್ಲ.

ಅಕ್ಕ ನಿಂತಲ್ಲೇ ನಿಂತಳು. ಅವಳು ನಿಂತಲ್ಲೇ ನಿಲ್ಲುವುದನ್ನು ತಂಗಿ ನೋಡಿರಲೇ ಇಲ್ಲ.

"ಗಾಳೀಲಿ ಬಂದಿದ್ರೆ ತೋಟದ ತುಂಬ ಅಲ್ಲೊಂದು ಇಲ್ಲೊಂದು ಬೀಳ್ಬೇಕಿತ್ತು" ಅಂದಳು ತಂಗಿ ನಿಧಾನವಾಗಿ. "ಇದ್ಯಾಕೆ ಇಲ್ಲಿಗೆ ಬಂದು ನಿಂತೋಯ್ತು?"

ಗಾಳಿಯ ಮೇಲೆ ಹಾಕಿ ನುಣುಚಿಕೊಳ್ಳಬಹುದಿತ್ತು. ಹವೆಯನ್ನು ಬೈಯಬಹುದಿತ್ತು, ಆಳನ್ನು ಬೈಯಬಹುದಿತ್ತು, ಬೈಯುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಪುಟ್ಟಿಯ ಮುಖ ನೋಡಿ ಅದ್ಯಾವುದೂ ನಾಲಗೆಗೆ ಬರಲಿಲ್ಲ.

"ಇಲ್ಲಿಗೆ ಬಂದಾಗ ನಿಮ್ಮ ಭಾವ ಫೋನ್ ಮಾಡಿದ್ರು" ಅಂದಳು. "ಇಲ್ಲಿಂದ ವಾಪಸ್ ಹೋದೆ. ಅದಕ್ಕೆ ಮೊದ್ಲು ಮೇಲೆ ಒಂದು ರೋಗದ ಗಿಡ ಕಿತ್ತಿದ್ದೆ. ಕೈ ತೊಳೀಲಿಲ್ಲ."

ತಂಗಿ ನಕ್ಕಳು, ಆ ನಗು ಅಕ್ಕನಿಗೆ ಹೊಡೆತಕ್ಕಿಂತ ಹೆಚ್ಚು ನೋಯಿತು.

"ರಿಟೈರಾದ್ರೂ ಟಪಾಲಿನ ಬುದ್ಧಿ ಬಿಡ್ಲಿಲ್ಲ ನೀನು. ಒಂದು ಮನೇನೂ ತಪ್ಪಿಸ್ದೆ ಬಾಗಿಲಿಗೇ ತಂದು ಕೊಟ್ಟಿದೀಯ." ನಗು ಅಲ್ಲಿಗೇ ನಿಂತಿತು. "ಹೋಗು ಅಕ್ಕ. ಇನ್ನು ಈ ಗೇಟು ದಾಟ್ಬೇಡ. ನಿನ್ ದಮ್ಮಯ್ಯ ಅಂತೀನಿ."

ಅಂದು ಗಡಿಯಾರದವರು ನಡುಹಗಲಲ್ಲೇ ಅಂಗಡಿಗೆ ಬೀಗ ಹಾಕಿ ಎದ್ದು ಹೋದರು. ಬೀದಿಯವರು ಯಾರೋ ಸತ್ತರೇನೋ ಎಂದುಕೊಂಡರು. ಅವರು ಹೋದದ್ದು ನಾದಿನಿಯ ತೋಟಕ್ಕೆ. ಜಿನುಗು ನಿಂತು ಎಲೆಯೆಲ್ಲ ಆರಿದ ಮೇಲೆ, ಕಲೆ ಬಿದ್ದ ಅಷ್ಟೂ ಗಿಡಗಳನ್ನು ಕಿತ್ತು, ಕಪ್ಪು ಚೀಲಗಳಲ್ಲಿ ಕಟ್ಟಿ, ಏದುಸಿರು ಬಿಡುತ್ತ ಹೊತ್ತು ಸಾಗಿಸಿದರು. ಉಳಿದ ಸಾಲುಗಳಿಗೆ ಆಳು ಔಷಧಿ ಹೊಡೆದ. ಅಕ್ಕ ಮಾಳಿಗೆಯ ಕಿಟಕಿಯಿಂದ ನೋಡಿದಳು. ಎರಡು ಕೈ ಇದ್ದೂ ಆ ಮನುಷ್ಯ ಒಂದೊಂದೇ ಚೀಲ ಹೊರುತ್ತಿದ್ದಾರಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು. ಮರುದಿನ ಬಿಸಿಲು ಸ್ವಲ್ಪ ಇಣುಕಿದಾಗ ತಂಗಿಯ ಅಂಗಳದ ಗೋಡೆಯ ಮೇಲೆ ಒಂದು ಹಳೇ ಸೂಟ್‌ಕೇಸು ಬಾಯಿ ತೆರೆದುಕೊಂಡು ಒಣಗುತ್ತಿತ್ತು. ಅದನ್ನು ನೋಡಿದ ಮೇಲೆ ಅವಳಿಗೆ ಅನ್ನ ಇಳಿಯಲಿಲ್ಲ.

ಮನೆಯಲ್ಲಿ ನಿಂತರೆ ಕಿಟಕಿ, ಕಿಟಕಿಗೆ ಹೋದರೆ ಸೂಟ್‌ಕೇಸು. ಅಂಗಡಿಗೆ ಹೋಗಿ ಕೂತಳು. ಮೇಜು ಒರೆಸಲು ಹೋಗಿ ಸಾಸಿವೆ ಗಾತ್ರದ ತಿರುಪುಗಳನ್ನೆಲ್ಲ ನೆಲಕ್ಕೆ ಚೆಲ್ಲಿದಳು. ಗೋಡೆಯ ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸಲಿ ಎಂದು ಮುಳ್ಳು ತಿರುಗಿಸಿ, ರಿಪೇರಿಗೆ ಬಂದದ್ದು ಯಾವುದು, ಆದದ್ದು ಯಾವುದು ಎಂದು ಗೊತ್ತಾಗದಂತೆ ಮಾಡಿಟ್ಟಳು. ಗಂಡ ತಿರುಪುಗಳನ್ನು ಮಂಡಿಯೂರಿ ಹೆಕ್ಕಿದರು.

ಎರಡು ದಿನ ಕಳೆದು ಸಂಜೆ ತೋಟದಿಂದ ಬಂದವರು ಅವಳ ಮುಂದೆ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಇಟ್ಟರು. ಒಳಗೆ ಒದ್ದೆ ಹತ್ತಿ, ಹತ್ತಿಯ ಮೇಲೆ ಕಂದು ಕಲೆಯ ಒಂದು ಟೊಮೆಟೊ ಎಲೆ.

"ಉಳಿದ ಸಾಲಿಂದು" ಅಂದರು. "ಬೀಜದಂಗಡಿಯವನು ಹೀಗೆ ಇಡೋಕೆ ಹೇಳ್ದ. ಬೆಳಿಗ್ಗೆ ಒಳಗೆ ಬಿಳಿ ಬೂಷ್ಟು ಎದ್ದಿದ್ರೆ ಅದೇ ರೋಗ, ತೋಟ ಪೂರ್ತಿ ಹೋದಂಗೆ. ಏಳ್ದಿದ್ರೆ ಬೇರೆ ಏನೋ ಕಲೆ. ನೋಡೋಕೆ ನಮ್ಮಿಬ್ಬರಿಗೂ ಬರಲ್ಲ. ಅಕ್ಕನಿಗೆ ಕೊಡಿ, ಅಂದ್ಳು ನಿನ್ ತಂಗಿ."

"ಅಕ್ಕನಿಗೆ ಕೊಡಿ ಅಂದ್ಳಾ?"

"ಹೂಂ, ಹೇಳ್ದೆನಲ್ಲ. ಬೆಳಿಗ್ಗೆ ತನಕ ಮುಟ್ಟೋ ಹಾಗಿಲ್ಲ."

ಆದರೆ ಕೈ ಕೇಳಬೇಕಲ್ಲ. ಚೀಲವನ್ನು ಬೆಳಕಿಗೆ ಹಿಡಿದಳು, ಮಗುಚಿದಳು, ಬಾಯಿ ಬಿಚ್ಚಲು ಹೋದಳು. ಗಡಿಯಾರದವರು ಅದನ್ನು ಕಸಿದುಕೊಂಡು, ಗಿರಾಕಿಗಳ ಕೈಗಡಿಯಾರ ಇಡುವ ಗಾಜಿನ ಪೆಟ್ಟಿಗೆಯೊಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದರು. ಎಲೆ ಅಲ್ಲೇ ಕಣ್ಣೆದುರಿಗಿದೆ, ಕೈಗೆ ಸಿಗುವುದಿಲ್ಲ. ಮುಳ್ಳಿನ ಮೇಲೆ ಕೂತಂತೆ ಕೂತಳು. ಮಾಡಲು ಏನೂ ಇಲ್ಲದೆ, ಬರೀ ಕಾಯುವುದೇ ಒಂದು ಕೆಲಸವೆಂದು ಅವಳಿಗೆ ಇಷ್ಟು ವಯಸ್ಸಿನವರೆಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಳಿಗ್ಗೆ ಬೀಗ ತೆಗೆಸಿ, ಅನುಮತಿ ಕೇಳಿ ಭೂತಗನ್ನಡಿ ತೆಗೆದುಕೊಂಡಳು. ಕಲೆಯ ಒಳಗೆ ಒಂದರೊಳಗೊಂದು ಉಂಗುರಗಳು, ಮರದ ಕೊರಡು ಕತ್ತರಿಸಿದಾಗ ಕಾಣುವಂಥವು. ಅಂಚು ಒಣಕಲು. ಅಡಿಭಾಗ ನೋಡಿದಳು, ಇನ್ನೊಮ್ಮೆ ನೋಡಿದಳು. ಬಿಳಿಯೆಂಬುದು ಎಲ್ಲೂ ಇಲ್ಲ. ಹಳೇ ಬುಡದೆಲೆಗೆ ಬರುವ ಮಾಮೂಲಿ ಕಲೆ ಅದು, ಕಿತ್ತೆಸೆದರೆ ಆಯಿತು.

ಚೀಲ ಹಿಡಿದು ಓಡಿದಳು. ಗೇಟಿನ ತನಕ ಓಡಿ, ಅಲ್ಲಿ ಕಾಲು ತಡೆಯಿತು. ಕೋಟು ತೊಟ್ಟಿರಲಿಲ್ಲ, ಕೈ ತೊಳೆದಿದ್ದಳು, ಆದರೂ ಗೇಟು ಗೇಟೇ. ತಂಗಿ ಆಚೆ ನಿಂತಿದ್ದಳು.

"ಅದಲ್ಲ ಪುಟ್ಟಿ. ಅದು ಅಲ್ಲ. ಬುಡದ ಎಲೆ ತೆಗೆದ್ಬಿಡು ಸಾಕು." ಕಣ್ಣು ತುಂಬಿ ಬಂತು, ಅದನ್ನು ಒರೆಸಲೂ ಹೋಗಲಿಲ್ಲ. "ಮಿಕ್ಕಿದ್ದನ್ನೂ ಒಂದು ಸಲ ನೋಡ್ಬಿಡ್ಲಾ? ಎಲ್ಲ ಸಾಲೂ?"

"ಎಲೆ ಒದ್ದೆ ಇದೆ."

"ಹೌದು. ಒದ್ದೆ ಇದೆ."

ತಂಗಿ ಒಳಗೆ ಹೋಗಿ ಎರಡು ಸ್ಟೂಲುಗಳನ್ನು ಒಂದಾದಮೇಲೊಂದು ಎಳೆದುಕೊಂಡು ಬಂದಳು. ಎರಡನ್ನೂ ಗೇಟಿನ ಹೊರಗೆ, ಅಕ್ಕನ ಬದಿಗೇ ಹಾಕಿದಳು. ಸೊಂಟ ಹಿಡಿದುಕೊಂಡು ಮೆಲ್ಲಗೆ ಒಂದರ ಮೇಲೆ ಕೂತಳು.

"ಕೂತ್ಕೋ. ಆರಿದ ಮೇಲೆ ಒಟ್ಟಿಗೆ ಹೋಗೋಣ."

"ಎಷ್ಟೊತ್ತಾಗತ್ತೆ?"

"ಆರೋಷ್ಟೊತ್ತು."

ಅಕ್ಕ ಕೂತಳು. ಎದ್ದಳು. ಮತ್ತೆ ಕೂತಳು. ಒಂದು ಕಾಲು ತಾನಾಗಿ ಕುಣಿಯತೊಡಗಿತು. ತಂಗಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಒಂದ್ವರ್ಷ ಮಲಗಿದ್ನಲ್ಲ, ಮೊದಲೆರಡು ತಿಂಗಳು ನಂಗೂ ಹೀಗೇ ಆಗ್ತಿತ್ತು. ಕೈನ ತೊಡೆ ಕೆಳಗೆ ಇಟ್ಕೋ. ಒಂದೇ ಎಲೆ ನೋಡ್ತಾ ಇರು, ಎಲ್ಲ ಎಲೆ ನೋಡ್ಬೇಡ."

ಅಕ್ಕ ಕೈಗಳನ್ನು ತೊಡೆಯ ಕೆಳಗಿಟ್ಟು ಅದುಮಿ ಕೂತಳು. ಎದುರಿನ ಗಿಡದ ಒಂದೇ ಎಲೆಯನ್ನು ನೋಡಿದಳು. ತುದಿಯಲ್ಲಿ ಒಂದು ಹನಿ, ಬೀಳುತ್ತಲೂ ಇಲ್ಲ, ಆರುತ್ತಲೂ ಇಲ್ಲ. ಅದರ ಹಿಂದೆ, ಅಂಗಳದ ಗೋಡೆಯ ಮೇಲೆ ಆ ಸೂಟ್‌ಕೇಸು ಇನ್ನೂ ಇತ್ತು. ಕೇಳಿಯೇಬಿಡೋಣ ಎಂದು ನೂರು ಸಲ ಬಾಯಿಗೆ ಬಂತು. ಕೇಳಿದರೆ ಉತ್ತರ ಬರುತ್ತದೆ, ಆ ಉತ್ತರ ಏನಿರುತ್ತದೋ. ಮತ್ತೆ ಆ ಹನಿಯ ಕಡೆಗೇ ಕಣ್ಣು ತಿರುಗಿಸಿದಳು.

ಕಿತ್ತು ಬರಿದಾಗಿದ್ದ ಮೊದಲ ಸಾಲಿನ ಜಾಗವನ್ನು ತಂಗಿ ನೋಡುತ್ತಿದ್ದಳು. ಅಲ್ಲಿ ಗಾಳಿ ಸಲೀಸಾಗಿ ಆಡುತ್ತಿತ್ತು. ಅದರ ಪಕ್ಕದ ಗಿಡಗಳು ಉಳಿದವುಗಳಿಗಿಂತ ಮೊದಲೇ ಆರತೊಡಗಿದ್ದವು.

"ತುಂಬ ಒತ್ತೊತ್ತಾಗಿ ಹಾಕ್ಸಿದ್ದೆ" ಅಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಮುಂದಿನ ಸಲ ಸಾಲಿಂದ ಸಾಲಿಗೆ ಇನ್ನೊಂದು ಮೊಳ ಜಾಗ ಬಿಡೋಣ."

ಅಕ್ಕನಿಗೆ ಧಿಗ್ಗನೆ ಎದ್ದು ಪುಟ್ಟಿಯನ್ನು ತಬ್ಬಿಕೊಂಡು, ಗೋಡೆಯ ಮೇಲಿನ ಆ ಪೆಟ್ಟಿಗೆಯನ್ನು ಎತ್ತಿ ಅಟ್ಟಕ್ಕೆ ಎಸೆದು, ಅಂಗಡಿಯ ತನಕ ಓಡಿ ಗಂಡನಿಗೆ ಹೇಳಿ ಬರಬೇಕೆನ್ನಿಸಿತು. ಎಲೆ ಇನ್ನೂ ಆರಿರಲಿಲ್ಲ. ಕೈಗಳನ್ನು ಇನ್ನಷ್ಟು ಅದುಮಿ ಹಿಡಿದು, ಅವಳು ಕೂತೇ ಇದ್ದಳು.